ಹೆಬ್ಬೂರು ದಾಟಿದ ಮೇಲೆ

ಕಳೆದ ವಾರ ಮಂಡಿನೋವು ತೋರಿಸಿಕೊಳ್ಳಲು ಡಾಕ್ಟರ ಬಳಿ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಕೂತಿದ್ದ ಹೆಂಗಸು ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಬಂದಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಯಾಕೆಂದು ನನಗೇ ಹೊಳೆಯಲಿಲ್ಲ. ನೆನಪು ಬಂದದ್ದು ಆಮೇಲೆ... ಹೆದರಿಕೆಯೇ ಮೊದಲು ಬಂತು. ಡಾಕ್ಟರು ಬಿ.ಪಿ. ನೋಡಿ, "ಏನ್ ಸಾರ್, ಇಷ್ಟೊಂದಿದೆ?" ಎಂದರು. ಬಿಸಿಲಲ್ಲಿ ನಡೆದುಬಂದೆ ಎಂದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು, ಆ ಘಾಟಿನಿಂದ ನೆನಪಾದವರು ಅಲ್ಲಿಯ ಡ್ರಿಲ್ ಮೇಷ್ಟ್ರು. ಉಪ್ಪಾರಹಳ್ಳಿಯಲ್ಲಿ ನಮ್ಮಿಬ್ಬರ ಬಾಡಿಗೆ ಮನೆಗಳಿಗೆ ನಡುವೆ ಒಂದೇ ಗೋಡೆ. ಬೆಳಿಗ್ಗೆ ಓಡಿ ಬಂದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು, ಕೊಬ್ಬರಿ ಎಣ್ಣೆಗೆ ನೀಲಗಿರಿ ಎಣ್ಣೆ ಬೆರೆಸಿ ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು. ಅದರ ವಾಸನೆ ನಮ್ಮ ಅಡುಗೆಮನೆಯ ಒಗ್ಗರಣೆಯನ್ನೂ ಮೀರಿಸುತ್ತಿತ್ತು. ನಲವತ್ತರ ಹತ್ತಿರದ ವಯಸ್ಸು, ಬತ್ತಿದಂತಿದ್ದ ಮೈ, ಮೈದಾನದ ಆ ತುದಿಗೂ ಕೇಳುವ ದನಿ. ಹುಟ್ಟಿದ್ದು ನಿಟ್ಟೂರಿನ ಕಡೆ. ಹುಡುಗನಾಗಿದ್ದಾಗ ರೈಲಿಗಿಂತ ಮುಂಚೆ ತಲುಪಬೇಕೆಂಬ ಹಟಕ್ಕೆ ಗುಬ್ಬಿಯ ಸ್ಕೂಲಿಗೆ ಓಡಿಕೊಂಡೇ ಹೋಗುತ್ತಿದ್ದರಂತೆ. "ರೈಲೇ ದಿನಾ ಲೇಟು ಬುಡಿ ಮೇಷ್ಟ್ರೇ, ಅದನ್ನ ಗೆದ್ದಿದ್ದೇನ್ ದೊಡ್ಡಸ್ತಿಕೆ" ಎಂದು ತಾವೇ ನಗುತ್ತಿದ್ದರು.

ಆ ವರ್ಷ ಕುಣಿಗಲ್‌ನಿಂದ ಹೆಬ್ಬೂರಿನ ಮೇಲೆ ತುಮಕೂರಿಗೆ ಮ್ಯಾರಥಾನ್ ಓಟ ಇಟ್ಟಿದ್ದರು. ಕಡಿಮೆ ಬೀಳುವ ದೂರವನ್ನು ಊರೊಳಗೆ ಸುತ್ತಿಸಿ ಸರಿಮಾಡುವುದಂತೆ. ಅದೇ ದಿನಗಳಲ್ಲಿ ನಮ್ಮ ಸ್ಕೂಲ್ ಕಮಿಟಿಯ ಅಧ್ಯಕ್ಷರು ಒಮ್ಮೆ ಸ್ಟಾಫ್‌ರೂಮಿಗೆ ಬಂದರು. ಕೊಬ್ಬರಿ ಮಂಡಿಯ ಸಾಹುಕಾರರು, ಮಾತು ಸ್ವಲ್ಪ ಜೋರು.

"ಏನ್ರೀ ಡ್ರಿಲ್ ಮೇಷ್ಟ್ರೇ, ಪೀಪಿ ಊದೋಕೆ ಒಂದ್ ಪೋಸ್ಟ್ ಬೇಕೇನ್ರೀ? ಆ ಜಾಗಕ್ಕೆ ಇಂಗ್ಲಿಷ್‌ಗೆ ಒಬ್ರನ್ನ ಹಾಕ್ಕೊಂಡ್ರೆ ರಿಸಲ್ಟಾದ್ರೂ ಬರುತ್ತೆ."

ನಾವೆಲ್ಲ ಟೀ ಲೋಟದೊಳಗೆ ನೋಡುತ್ತಾ ಕೂತೆವು. ಡ್ರಿಲ್ ಮೇಷ್ಟ್ರು ಎದ್ದು ನಿಂತು, "ಕುಣಿಗಲ್ ಓಟದಲ್ಲಿ ಮೊದಲ್ನೇ ಮೂರು ಜನದಲ್ಲಿ ಬಂದ್ರೆ ಬಿಡ್ತೀರಾ ಸಾರ್?" ಎಂದರು.

"ಬನ್ನಿ, ನೋಡಾಣ. ಬಂದ್ರೆ ನಿಮ್ ರಿಟೈರ್‌ಮೆಂಟ್‌ವರ್ಗೂ ಆ ಪೋಸ್ಟ್ ಮುಟ್ಟಲ್ಲ. ಬರ್ದೇ ಇದ್ರೆ ಪೀಪಿ ಇಲ್ಲೇ ಇಟ್ಬಿಟ್ಟು ಹೋಗಿ."

ತಮಾಷೆಯ ದನಿಯಲ್ಲೇ ಹೇಳಿದ್ದರು. ಆದರೆ ಆ ಮಾತಿಗೆ ನಗಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಡ್ರಿಲ್ ಮೇಷ್ಟ್ರಿಗೆ ಇಬ್ಬರು ಸಣ್ಣ ಮಕ್ಕಳು. ಬೇರೆ ಕೆಲಸ ಕಲಿಯುವ ವಯಸ್ಸೂ ಅಲ್ಲ, ಬೇರೆ ಕೆಲಸ ಬೇಕೆಂಬ ಆಸೆಯೂ ಇರಲಿಲ್ಲ.

ತಿಂಗಳುಗಟ್ಟಲೆ ಅವರು ತಯಾರಾದ ರೀತಿ ಈಗ ಮಸುಕಾಗಿದೆ. ಆ ಕೊನೆಯ ವಾರ ಮಾತ್ರ ಹಾಗೇ ಉಳಿದಿದೆ. ಓಡುವುದನ್ನು ಕಡಿಮೆ ಮಾಡಿದ್ದರು. "ಕುಣಿಗಲ್ ಕಡೆ ಕುದುರೆಗಳ್ನ ನೋಡಿಲ್ವಾ ಮೇಷ್ಟ್ರೇ, ರೇಸಿಗ್ ಮುಂಚೆ ಸುಮ್ನೆ ಕಟ್ಟಾಕ್ತಾರೆ" ಎಂದು ನನಗೆ ವಿವರಿಸಿದರು. ಆದರೆ ಕಟ್ಟಿಹಾಕಿದ ಕುದುರೆಯ ಪಾಡು ಅವರದು. ಕೂತರೆ ಕಾಲು ಅಲುಗಾಡಿಸುವರು, ನಿಂತರೆ ಹಿಮ್ಮಡಿ ಎತ್ತಿ ಇಳಿಸುವರು. ಕತ್ತರಿಸಿದ ಉಗುರನ್ನೇ ಮತ್ತೆ ಕತ್ತರಿಸುವರು. ಹೊಸ ಕ್ಯಾನ್‌ವಾಸ್ ಶೂ ತಂದು, ಹಾಕಿ ನೋಡಿ, ಕಚ್ಚೀತೆಂದು ಹೆದರಿ, ಹಳೆಯದಕ್ಕೇ ಹೊಲಿಗೆ ಹಾಕಿಸಿಕೊಂಡು ಬಂದರು. ಒಂದು ಸಲ ಸೀನು ಬಂದರೆ ನೆಗಡಿಯಾಯಿತೆಂದು ಗಾಬರಿಯಾಗಿ ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಆ ಮಂಗಳವಾರ ಸ್ಕೂಲು ಬಿಟ್ಟ ಮೇಲೆ ನನ್ನನ್ನು ಕರೆದುಕೊಂಡು ಕುಣಿಗಲ್‌ಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ಸು ಬಂದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ, ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಮರದ ನೆರಳು ಎಂದು ಬಾಯಿಪಾಠ ಮಾಡುವವರಂತೆ ಗೊಣಗುತ್ತಿದ್ದರು. ವಾಪಸ್ಸು ಬರುವಾಗ ಹೆಬ್ಬೂರು ದಾಟಿದ ಮೇಲೆ ಮರಗಳು ತೆಳುವಾದವು. ಅಲ್ಲಿ ಅವರು ಗೊಣಗುವುದನ್ನು ನಿಲ್ಲಿಸಿದರು. ಕಂಡಕ್ಟರ್ ಬಂದು, "ಏನ್ ಸಾರ್, ಜಮೀನ್ ಗಿಮೀನ್ ನೋಡ್ತಿದೀರಾ?" ಎಂದ. ಅದಕ್ಕೂ ಅವರು ನಗಲಿಲ್ಲ.

ಓಟ ಇದ್ದದ್ದು ಭಾನುವಾರ. ಶುಕ್ರವಾರ ಶಿವರಾತ್ರಿ ಬಿದ್ದಿತ್ತು.

ಅವರ ಮನೆಯಲ್ಲಿ ಶಿವರಾತ್ರಿಯೆಂದರೆ ನೀರೂ ಮುಟ್ಟದ ಉಪವಾಸ, ಮೇಲೆ ಜಾಗರಣೆ. ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆಯೇ ಬಾಯಿಗೆ ಏನಾದರೂ. ಗುರುವಾರ ಸಂಜೆ ನಾನು ಅವರ ಜಗಲಿಯಲ್ಲಿ ಕೂತು, ಬೆವರಿಗೂ ನೀರಿಗೂ ಉಪ್ಪಿಗೂ ಇರುವ ಸಂಬಂಧವನ್ನು ಹತ್ತನೇ ಕ್ಲಾಸಿನ ಹುಡುಗರಿಗೆ ಹೇಳುವ ಹಾಗೆ ಹೇಳಿದೆ. ನಿಟ್ಟೂರಿನಿಂದ ರೈಲಿನಲ್ಲಿ ಬಂದಿದ್ದ ಅವರ ತಾಯಿ ಒಳಗೆ ತಂಬಿಟ್ಟಿಗೆ ಅಕ್ಕಿ ಹುರಿಯುತ್ತಿದ್ದರು. ಮುದುಕಿ ಅಡ್ಡ ಬರುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಸೌಟು ಹಿಡಿದೇ ಹೊರಗೆ ಬಂದರು.

"ಆ ಮೇಷ್ಟ್ರಪ್ಪ ಹೇಳದ್ ಕೇಳ್ಲಾ. ಈ ವರ್ಷ ಒಂದ್ ದಪ ಉಣ್ಣು. ನಿನ್ ಪಾಲಿಂದೂ ನಾನೇ ಉಪಾಸ ಇರ್ತೀನಿ. ಶಿವ ಏನ್ ಹಾಜರಿ ಕರೀತಾನಾ?"

"ಇಲ್ಲ ಕಣವ್ವ, ಸುಮ್ನಿರು."

"ಏನ್ ಸುಮ್ನಿರೋದು? ಭಾನ್ವಾರ ಓಡೋನು ನೀನಾ, ಶಿವನಾ?"

ಅವರ ಹೆಂಡತಿ ಬಾಗಿಲ ಮರೆಯಿಂದ, "ಹೇಳಿ ಅಣ್ಣ, ನಿಮ್ ಮಾತಾದ್ರೂ ಕೇಳ್ತಾರೇನೋ" ಎಂದು ನನಗೆ ಹೇಳಿದರು.  ಡ್ರಿಲ್ ಮೇಷ್ಟ್ರು ಆಗ ಹೇಳಿದ ಮಾತು ನನಗೆ ಇಂದಿಗೂ ಹಾಗೇ ಕೇಳಿಸುತ್ತದೆ.

"ನೀವ್ ಹೇಳೋದ್ ದೇಹಕ್ಕೆ ಸರಿ ಮೇಷ್ಟ್ರೇ. ಆದ್ರೆ ಬುದ್ಧಿ ಬಂದಾಗಿಂದ ಬಿಟ್ಟಿಲ್ಲ ನಾನು. ಈ ಸಲ ತಿಂದು ನಿಂತ್ಕೊಂಡೆ ಅನ್ನಿ, ಓಡ್ತಾ ಓಡ್ತಾ ಎಲ್ಲಾದ್ರೂ ಕಾಲು ಸೋಲುತ್ತಲ್ಲ, ಆಗ ತಲೇಲಿ ಅದೇ ಬರುತ್ತೆ. ತಿಂದ್ಬಿಟ್ಟೆ, ಅದಕ್ಕೇ ಹಿಂಗಾಯ್ತು ಅಂತ. ಅಲ್ಲಿಗ್ ಮುಗೀತು. ಹೊಟ್ಟೆ ಖಾಲಿ ಇದ್ರೆ ಓಡ್ಬೋದು. ತಲೇಲಿ ಅದಿಟ್ಕೊಂಡು ಓಡಕಾಗಲ್ಲ."

ಅದರಲ್ಲಿ ಭಕ್ತಿಗಿಂತ ಹೆದರಿಕೆ ಹೆಚ್ಚಾಗಿತ್ತು ಎಂದು ನನಗೆ ಅನಿಸಿತು. 

ಉಪವಾಸ ನಡೆಯಿತು, ಜಾಗರಣೆಯೂ ನಡೆಯಿತು. ಶನಿವಾರ ಬೆಳಿಗ್ಗೆ ತಂಬಿಟ್ಟು ತಿಂದು, ಊಟ ಮಾಡಿ, ಮಧ್ಯಾಹ್ನ ಮಲಗಿದರು. ಗೋಡೆಯ ಈಚೆಗೆ ನನಗೆ ಅವರು ಮೀನಖಂಡ ಹಿಡಿದುಕೊಂಡು ನರಳುವುದು ಕೇಳುತ್ತಿತ್ತು. ಸಂಜೆಯ ಬಸ್ಸಿಗೆ ಹೊರಟಾಗ ಕಣ್ಣು ಗುಳಿಬಿದ್ದಿದ್ದವು. ಮುಖ ಮಾತ್ರ ಆ ವಾರದಲ್ಲೇ ಮೊದಲ ಸಲ ನಿರಾಳವಾಗಿತ್ತು. "ಈಗ ಹಗುರ ಆಯ್ತು ಮೇಷ್ಟ್ರೇ" ಎಂದರು.

ಭಾನುವಾರ ನಾನು ಮೊಪೆಡ್‌ನಲ್ಲಿ ಹೆಬ್ಬೂರಿಗೆ ಹೋಗಿ, ಒಂದು ಟೀ ಅಂಗಡಿಯ ಮುಂದೆ ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ನೀರು ಹಿಡಿದು ಕಾದೆ. ಬಾವುಟ ತೋರಿಸಬೇಕಾದ ಮುಖ್ಯ ಅತಿಥಿಗಳು ತಡವಾಗಿ ಬಂದರೆಂದು ಓಟವೇ ತಡವಾಗಿ ಶುರುವಾಗಿತ್ತು. ಓಟಗಾರರು ಕಾಣಿಸುವ ಹೊತ್ತಿಗೆ ಡಾಂಬರು ಕಾದಿತ್ತು. ಅವರು ಎರಡನೆಯವರಾಗಿ ಬಂದರು. ಅಂಗಡಿಯ ಮುಂದಿದ್ದ ಜನ ಚಪ್ಪಾಳೆ ಹೊಡೆದರು. ನಾನು ಬಾಟಲಿ ನೀಡಿದೆ. ಓಡುವಾಗ ನೀರು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂಬುದು ಆ ಕಾಲದ ಓಟಗಾರರೆಲ್ಲರ ನಂಬಿಕೆ. ಅವರು ಒಂದು ಗುಟುಕು ತೆಗೆದುಕೊಂಡು, ಬಾಯಿ ಮುಕ್ಕಳಿಸಿ, ಉಗಿದು ಮುಂದೆ ಹೋದರು.

ನಾನು ಮೊಪೆಡ್ ಹತ್ತಿ ಹಿಂದೆಯೇ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಅವರ ಬನಿಯನ್ ಬೆನ್ನಿನ ಮೇಲೆ ಒಣಗಿತ್ತು. ಆ ಬಿಸಿಲಿನಲ್ಲಿ, ಆ ವೇಗದಲ್ಲಿ ಓಡುವ ಮನುಷ್ಯನಿಗೆ ಬೆವರೇ ಇಲ್ಲ. ಕೂಗಿದೆ. ತಿರುಗಲಿಲ್ಲ. ಇನ್ನೊಂದು ಸಲ ಕೂಗಿದೆ. ಅವರು ನಿಂತರು, ಸುತ್ತ ನೋಡಿದರು, ಆಮೇಲೆ ನಿಧಾನವಾಗಿ ತಿರುಗಿ ಹೆಬ್ಬೂರಿನ ಕಡೆಗೇ ಓಡತೊಡಗಿದರು.

ನನ್ನನ್ನು ದಾಟಿಯೇ ಹೋದರು. ಕಣ್ಣು ತೆರೆದಿತ್ತು, ಅದರೊಳಗೆ ನಾನಿರಲಿಲ್ಲ. ಅವರ ಎದುರಿಗೆ, ಹೆಬ್ಬೂರಿನ ಕಡೆಯ ತಿರುವಿನಿಂದ ತೆಂಗಿನಕಾಯಿ ತುಂಬಿದ ಲಾರಿ ಬರುತ್ತಿತ್ತು. ಅವರು ರಸ್ತೆಯ ನಟ್ಟನಡುವೆ ನಿಂತು, ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, ಮೈದಾನದ ಆ ತುದಿಗೂ ಕೇಳುವ ದನಿಯಲ್ಲಿ ಲಾರಿಗೆ ಆಜ್ಞೆ ಕೊಟ್ಟರು.

"ಸಾವಧಾನ್... ಲೈನಲ್ಲಿ ನಿಲ್ರೋ, ಲೈನಲ್ಲಿ..."

ಲಾರಿಯ ಹಾರ್ನು, ಟೈರು ಉಜ್ಜಿದ ಸದ್ದು, ಕಾಯಿಗಳು ಉರುಳಿ ಡಾಂಬರಿನ ಮೇಲೆ ಬಿದ್ದದ್ದು... ಇವೆಲ್ಲ ಯಾವ ಕ್ರಮದಲ್ಲಿ ಆದವೆಂದು ಎಷ್ಟು ಸಲ ಯೋಚಿಸಿದರೂ ಸರಿಯಾಗಿ ಕೂರುವುದಿಲ್ಲ. ಲಾರಿ ಒಂದು ಗಾಲಿಯನ್ನು ಹೊಲಕ್ಕೆ ಇಳಿಸಿ ನಿಂತಿತ್ತು. ಅದರ ಬಂಪರ್ ಅವರ ಮೊಳಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವರು ಅಲುಗಾಡಿರಲಿಲ್ಲ.

ಡ್ರೈವರ್ ಕೆಳಗೆ ಹಾರಿದ. "ಏನ್ಲಾ, ಸಾಯಾಕೆ ನನ್ ಗಾಡೀನೇ ಬೇಕಾಗಿತ್ತಾ ನಿಂಗೆ?" ಎಂದು ಬೈಯುತ್ತಾ ಬಂದವನು, ಅವರ ಮುಖ ನೋಡಿದೊಡನೆ ದನಿ ಇಳಿಸಿದ. "ಅಯ್ಯೋ ಶಿವನೇ, ಇವ್ರಿಗೆ ಗ್ಯಾನಾನೇ ಇಲ್ವಲ್ಲ ಸಾರ್."

ಅಷ್ಟರಲ್ಲಿ ಅವರು ಕುಸಿದರು. ಮೈ ಮುಟ್ಟಿದರೆ ಸುಡುತ್ತಿತ್ತು. ಹೊಲದಲ್ಲಿದ್ದ ಹೆಂಗಸರು ಕೊಡದಲ್ಲಿದ್ದ ಕುಡಿಯುವ ನೀರನ್ನು ತಂದು ಅವರ ಮೇಲೆ ಸುರಿದರು. ಅದೇ ಲಾರಿಯ ಕಾಯಿಗಳ ಮೇಲೆ ಗೋಣಿತಾಟು ಹಾಸಿ ಮಲಗಿಸಿ ತುಮಕೂರಿಗೆ ತಂದೆವು. ದಾರಿಯಲ್ಲಿ ನನ್ನ ಕೈ ಹಿಡಿದು, "ಯಾವ್ ಕ್ಲಾಸ್ ನೀನು?" ಎಂದು ಕೇಳಿದರು. ನಾನು ಒಂಬತ್ತನೇ ಕ್ಲಾಸು ಸಾರ್ ಎಂದೆ. 

ಬದುಕಿದರು. ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಕಿಡ್ನಿಗೆ ಏಟಾಗಿದೆ ಎಂದರು. ಅಧ್ಯಕ್ಷರು ಕಿತ್ತಲೆಹಣ್ಣು ಹಿಡಿದು ನೋಡಲು ಬಂದರು. "ಆ ಪೋಸ್ಟ್ ಮಾತು ಬಿಡ್ರೀ ಮೇಷ್ಟ್ರೇ, ಅದು ಎಲ್ಲೂ ಹೋಗಲ್ಲ. ನಾನೇನೋ ತಮಾಷೆಗೆ ಅಂದಿದ್ದು" ಎಂದರು. ಮಂಚದ ಪಕ್ಕದಲ್ಲಿ ನಿಂತಿದ್ದ ಅವರ ತಾಯಿ ಸಾಹುಕಾರರನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಿದೆ.

ಪೋಸ್ಟ್ ಉಳಿಯಿತು, ಓಟ ಹೋಯಿತು. ಮೈದಾನದ ಅಂಚಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಹುಡುಗರನ್ನು ಓಡಿಸುತ್ತಿದ್ದರು. ಯಾರಾದರೂ ಹುಡುಗ ಬಾಯಾರಿದೆ ಎಂದರೆ ಆಟ ನಿಲ್ಲಿಸಿ ಎಲ್ಲರನ್ನೂ ನಲ್ಲಿಗೆ ಕಳಿಸುತ್ತಿದ್ದರು. ಹೆಬ್ಬೂರಿನ ಚಪ್ಪಾಳೆಯವರೆಗೆ ಅವರಿಗೆ ಎಲ್ಲ ನೆನಪಿತ್ತು, ಅಲ್ಲಿಂದ ಮುಂದೆ ಏನೂ ಇಲ್ಲ. ಆಗಾಗ ನನ್ನನ್ನು ಕೇಳುತ್ತಿದ್ದರು.

"ನಿಜ ಹೇಳಿ ಮೇಷ್ಟ್ರೇ, ಬಿದ್ದಾಗ ಎರಡನೇವ್ನಾಗೇ ಇದ್ನಾ?"

"ಎರಡನೇವ್ರೇ."

"ಹಂಗಾದ್ರೆ ಪರ್ವಾಗಿಲ್ಲ ಬುಡಿ."

ತಿರುಗಿ ಓಡಿದ್ದನ್ನು, ಲಾರಿಯ ಎದುರು ನಿಂತಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಹೆಂಡತಿಗೂ ತಾಯಿಗೂ ಹೇಳಲಿಲ್ಲ. ಅವರಿಗೆ ಇಲ್ಲದ ಆ ಗಳಿಗೆಯನ್ನು ಕೊಟ್ಟು ಮಾಡುವುದಾದರೂ ಏನು ಎನಿಸುತ್ತಿತ್ತು... ಕೆಲವು ವರ್ಷಗಳ ನಂತರ ಕಿಡ್ನಿ ಕೈಕೊಟ್ಟಿತು. ರಿಟೈರ್ ಆಗುವವರೆಗೆ ಇರಲಿಲ್ಲ.

ಈಗ ಆ ರಸ್ತೆ ಅಗಲವಾಗಿದೆ, ತಿರುವನ್ನು ನೇರ ಮಾಡಿದ್ದಾರೆ. ಮಗಳ ಮನೆ ಕುಣಿಗಲ್‌ನಲ್ಲಿರುವುದರಿಂದ ತಿಂಗಳಿಗೊಮ್ಮೆಯಾದರೂ ಬಸ್ಸಿನಲ್ಲಿ ಅಲ್ಲಿ ಹಾದುಹೋಗುತ್ತೇನೆ. ಆ ಜಾಗ ಬಂದಾಗ ನನ್ನ ಬಲಗಾಲು ತಾನಾಗಿ, ಬ್ರೇಕ್ ಒತ್ತುವಂತೆ, ಬಸ್ಸಿನ ನೆಲದ ತಗಡನ್ನು ಒತ್ತಿ ಹಿಡಿಯುತ್ತದೆ. ಎದುರಿಗೆ ಯಾರೂ ಇರುವುದಿಲ್ಲ. ಕಾಲು ಸಡಿಲವಾಗುವ ಹೊತ್ತಿಗೆ ಬಸ್ಸು ಎಷ್ಟೋ ದೂರ ಬಂದಿರುತ್ತದೆ.