ಎಡ್ನಾಳಿಗೆ ಬಡಿಸಿದ ಅಗೆಲು

ಅಲ್ ಖೋರ್‌ನ ಆ ವಿಲ್ಲಾದ ಅಡುಗೆಮನೆಯಲ್ಲಿ ವಾರಿಜಾಳಿಗೆ ಎಲ್ಲವೂ ಸಿಕ್ಕಿತ್ತು, ರುಚಿಯೊಂದು ಬಿಟ್ಟು.

ಪಡುಬಿದ್ರಿಯ ಹೆಂಗಸು. ಗಂಡ ಹೋದ ಮೇಲೆ ಮಗಳು ಮೋಕ್ಷಾಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಅಡುಗೆ ಕೆಲಸದ ವೀಸಾ ಹಿಡಿದು ಕತಾರಿಗೆ ಬಂದವಳು. ಯಜಮಾನ ನೈಜೆಲ್ ಐರ್ಲೆಂಡಿನವನು, ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಇಂಜಿನಿಯರ್, ಐವತ್ತು ದಾಟಿದ ಒಂಟಿ ಗಂಡಸು. ಅವನ ತಾಯಿ ಎಡ್ನಾ ಡಬ್ಲಿನ್ನಿನ ಯಹೂದಿ ಮನೆಯ ಮಗಳು. ಹಳ್ಳಿಯ ಕ್ಯಾಥೊಲಿಕ್ ರೈತನನ್ನು ಮದುವೆಯಾಗಿ, ತವರಿನ ಅಡುಗೆ, ಗಂಡನ ಮನೆಯ ಅಡುಗೆ ಎರಡನ್ನೂ ಒಂದೇ ಒಲೆಯ ಮೇಲೆ ಬೇಯಿಸಿದವಳು. ಗಂಡ ಸತ್ತ ಮೇಲೆ ಮಗನಿಗೆ ಬೇಯಿಸಿ ಹಾಕಲು ಇಲ್ಲಿಗೆ ಬಂದಳು. ಕಳೆದ ಚಳಿಗಾಲ, ಇದೇ ಅಡುಗೆಮನೆಯಲ್ಲಿ, ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಾ ತೆಗೆಯುತ್ತಾ ಸತ್ತಳು. ವಾರಿಜಾ ಅವಳನ್ನು ಕಂಡವಳಲ್ಲ. ಬಾಗಿಲ ಹಿಂದೆ ನೇತಾಡುವ ಅವಳ ಏಪ್ರನ್ನನ್ನು ಮಾತ್ರ ಕಂಡಿದ್ದಳು. ಅದನ್ನು ಮುಟ್ಟಬೇಡ ಎಂದು ವಾರಿಜಾ ಕೆಲಸಕ್ಕೆ ಬಂದ ದಿನವೇ ನೈಜೆಲ್ ಹೇಳಿದ್ದ.

ಅವನಿಗೆ ಬೇಕಾದದ್ದು ಅಮ್ಮನ ಅಡುಗೆ. ಬೆಳಗ್ಗೆ ಮಜ್ಜಿಗೆ, ಸೋಡಾ ಹಾಕಿದ ಬ್ರೆಡ್ಡು. ರಾತ್ರಿ ಕೋಳಿ ಸಾರಿನಲ್ಲಿ ತೇಲುವ ಹಿಟ್ಟಿನ ಉಂಡೆ, ಇಲ್ಲವೇ ಕುರಿಮಾಂಸದ ಸ್ಟ್ಯೂ, ಪಕ್ಕಕ್ಕೆ ಕ್ಯಾಬೇಜು ಬೆರೆಸಿ ಜಜ್ಜಿದ ಆಲೂಗಡ್ಡೆ. ವಾರಿಜಾ ಮೊಬೈಲಿನಲ್ಲಿ ನೋಡಿ ನೋಡಿ ಎಲ್ಲವನ್ನೂ ಕಲಿತಳು. ನೈಜೆಲ್ ಒಂದು ಚಮಚ ಬಾಯಿಗಿಟ್ಟು ಚಮಚವನ್ನು ಕೆಳಗಿಡುತ್ತಿದ್ದ.

"ಅಮ್ಮನದ್ದು ಹೀಗಿರಲಿಲ್ಲ."

"ಏನು ಕಮ್ಮಿಯಾಗಿದೆ ಸರ್?"

"ಗೊತ್ತಿಲ್ಲ. ಏನೋ ಒಂದು."

ಅಷ್ಟು ವರ್ಷ ಉಂಡ ಮನುಷ್ಯ ಒಮ್ಮೆಯೂ ಒಲೆಯ ಕಡೆ ತಿರುಗಿ ನೋಡಿರಲಿಲ್ಲ. ಕೊನೆಗೊಂದು ದಿನ, ಬೇರೆ ಅಡುಗೆಯವಳನ್ನು ಹುಡುಕಬೇಕಾದೀತು ಎಂದ. ಈ ಮನೆ ತಪ್ಪಿದರೆ ವಾರಿಜಾಳ ವೀಸಾ ತಪ್ಪಿತು, ಮೋಕ್ಷಾಳ ಕಾಲೇಜು ತಪ್ಪಿತು.

ಪಕ್ಕದ ವಿಲ್ಲಾದಲ್ಲಿ ಅಡುಗೆ ಮಾಡುವ ಉಳ್ಳಾಲದ ಆಯಿಷಮ್ಮ ಕಸದ ಡಬ್ಬಿಯ ಹತ್ತಿರ ಸಿಕ್ಕಾಗ ನಕ್ಕುಬಿಟ್ಟಳು. "ಎಂತ ಮಾರಾಯ್ತಿ, ಸತ್ತವಳ ಕೈರುಚಿ ನೀನು ಎಲ್ಲಿಂದ ತರ್ತಿ? ಅವಳನ್ನೇ ಕರಿ ಮತ್ತೆ!"

ತಮಾಷೆಯ ಮಾತು ವಾರಿಜಾಳ ತಲೆಯಲ್ಲಿ ಕೂತಿತು.

ಊರಿನಲ್ಲಿ ಅಗೆಲು ಬಡಿಸುವುದೆಂದರೆ ಸತ್ತವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿಟ್ಟು, ಬಾಗಿಲು ಹಾಕಿ, ಹೊರಗೆ ಕಾಯುವುದು. ಆಗ ಹೇಳುವ ಮಾತು ಇಷ್ಟೇ: ಬನ್ನಿ, ಉಣ್ಣಿ, ಸಮಾಧಾನದಲ್ಲಿ ಹೋಗಿ. ಒಂದು ಮಧ್ಯಾಹ್ನ ನೈಜೆಲ್ ಇಲ್ಲದಾಗ ವಾರಿಜಾ ಅಡುಗೆಮನೆಯಲ್ಲಿ ಎಲೆ ಹಾಸಿದಳು, ಸ್ಟ್ಯೂ ಬಡಿಸಿದಳು. ಆದರೆ ಅವಸರದಲ್ಲಿ ಅವಳ ಬಾಯಿಂದ ಬಂದದ್ದು ಬೇರೆಯೇ.

"ಎಡ್ನಮ್ಮ, ಬನ್ನಿ. ನಿಮ್ಮ ಕೈರುಚಿ ತೋರಿಸಿಕೊಡಿ."

ಉಣ್ಣಿ ಎನ್ನಲಿಲ್ಲ. ಹೋಗಿ ಎನ್ನಲೂ ಇಲ್ಲ.

ಬಾಗಿಲು ತೆರೆದಾಗ ಎಲೆಯ ಮೇಲಿನದು ಹಾಗೆಯೇ ಇತ್ತು. ಸಿಂಕಿನಲ್ಲಿದ್ದ ಪಾತ್ರೆಗಳನ್ನು ಯಾರೋ ತೊಳೆದಿಟ್ಟಿದ್ದರು.

ಮರುದಿನ ಆಲೂಗಡ್ಡೆ ಜಜ್ಜಿ, ಬೆಣ್ಣೆಗೆಂದು ಕೈ ಚಾಚಿದರೆ ಬೆಣ್ಣೆ ಇಲ್ಲ. ಫ್ರಿಜ್ಜಿನೊಳಗೆ ಹೋಗಿ ಕೂತಿತ್ತು. ಹೊರಗಿಟ್ಟಳು. ತಿರುಗುವಷ್ಟರಲ್ಲಿ ಮತ್ತೆ ಒಳಗೆ. ಒಲೆಯ ಪಕ್ಕದಲ್ಲಿ ಅವಳು ಇಡದ ಬಟ್ಟಲೊಂದಿತ್ತು. ಅದರಲ್ಲಿ ಈರುಳ್ಳಿಯ ಜೊತೆ ಕರಗಿಸಿದ ಕೋಳಿಯ ಕೊಬ್ಬು, ಇನ್ನೂ ಬಿಸಿ. ಅದನ್ನೇ ಆಲೂಗಡ್ಡೆಯ ಮೇಲೆ ಸುರಿದಳು.

ನೈಜೆಲ್ ಒಂದು ಚಮಚ ತಿಂದ. ಕಣ್ಣು ತುಂಬಿತು. "ಅಜ್ಜಿಯ ಮನೆ," ಎಂದ. "ಕತ್ತಲೆಯ ಓಣಿಯಂಥ ಮನೆ. ಮಾಂಸದ ಜೊತೆ ಬೆಣ್ಣೆ ತಿನ್ನಲು ಹೋದೆ ಅಂತ ಅಜ್ಜಿ ನನ್ನ ಕೈಗೆ ಹೊಡೆದಿದ್ದಳು. ಮರೆತೇಹೋಗಿತ್ತು." ಮಾಂಸದ ಜೊತೆ ಹಾಲು, ಬೆಣ್ಣೆ ಸೇರಿಸಬಾರದೆಂಬ ತನ್ನ ಯಹೂದಿ ತವರಿನ ಕಟ್ಟನ್ನು ತಾಯಿ ಗಂಡನ ಮನೆಯ ಆಲೂಗಡ್ಡೆಯೊಳಗೆ ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದಳೆಂದು ಅವನಿಗೆ ಈಗಲೂ ಹೊಳೆದಂತಿರಲಿಲ್ಲ. ಎರಡನೇ ಸಲ ಬಡಿಸಲು ತಟ್ಟೆ ಚಾಚಿದ.

ಅಂದಿನಿಂದ ವಾರಿಜಾಳ ಕೆಲಸ ಉಳಿಯಿತು, ಕೆಲಸದ ರಾಶಿ ಬೆಳೆಯಿತು. ನೈಜೆಲ್ ಕಂಪನಿಯ ಗೆಳೆಯರನ್ನು ಊಟಕ್ಕೆ ಕರೆಯತೊಡಗಿದ. ಹಗಲು ಬೆಳಕಿನಲ್ಲೇ, ವಾರಿಜಾ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದರೆ, ಅಡುಗೆಮನೆಯಿಂದ ಹಿಟ್ಟು ನಾದುವ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ನಾದಿದ ಹಿಟ್ಟು, ಸಿಪ್ಪೆಯ ಗುಡ್ಡೆ, ಹೊಟ್ಟೆಯ ಭಾಗದಲ್ಲಿ ಒದ್ದೆಯಾದ ಏಪ್ರನ್. ಬರಬರುತ್ತಾ ಏದುಸಿರು ಕೇಳತೊಡಗಿತು. ಒಮ್ಮೆ, ಸೊಂಟ ಹಿಡಿದುಕೊಂಡು ಬಿಡುವಂಥ ಒಂದು ನಿಟ್ಟುಸಿರು. ಅದನ್ನು ತಿಳಿಯಲು ವಾರಿಜಾಳಿಗೆ ಇಂಗ್ಲಿಷ್ ಬೇಕಾಗಲಿಲ್ಲ.

ಆಯಿಷಮ್ಮನಿಗೆ ಹೇಳಿದಾಗ ಅವಳು ಈ ಸಲ ನಗಲಿಲ್ಲ. "ಅಲ್ಲಾ! ಉಣ್ಣಲಿಕ್ಕೆ ಕರೆಯುವುದು ಬಿಟ್ಟು ಕೆಲಸಕ್ಕೆ ಕರೆದಿಯಾ? ಬದುಕಿದ್ದಾಗ ದುಡಿದದ್ದು ಸಾಲದಾ ಅವಳಿಗೆ? ಕಳಿಸಿಬಿಡು. ಕಳಿಸಿದರೆ ನಿನ್ನ ಅನ್ನಕ್ಕೆ ಕಲ್ಲು ಬೀಳ್ತದೆ, ಅದೂ ನೋಡ್ಕೊ."

ವಾರಿಜಾ ನೈಜೆಲ್‌ಗೇ ಹೇಳಿದಳು. "ನಿಮ್ಮ ಅಮ್ಮ ಬರ್ತಾರೆ ಸರ್. ಕೆಲಸ ಮಾಡ್ತಾರೆ. ತುಂಬ ದಣಿದಿದ್ದಾರೆ. ನೀವೇ ಒಂದು ಮಾತು, ಸಾಕು ಅನ್ನಿ."

ಅವನು ಬೆಚ್ಚಲಿಲ್ಲ. "ಗೊತ್ತು," ಎಂದ. "ವಾಸನೆಯಲ್ಲೇ ಗೊತ್ತಾಗುತ್ತದೆ. ಇರಲಿ ಬಿಡು, ಅಮ್ಮನಿಗೆ ಅಡುಗೆಮನೆ ಅಂದರೆ ಪ್ರಾಣ. ಶುಕ್ರವಾರ ತುಂಬ ಜನ ಬರುತ್ತಾರೆ, ಸ್ಟ್ಯೂ ಜಾಸ್ತಿ ಇರಲಿ."

ವಾರಿಜಾಳ ಬೆನ್ನು ತಣ್ಣಗಾಯಿತು. ಇಷ್ಟು ದಿನದ ಸದ್ದುಗಳಿಗೂ ಹಾಗಾಗಿರಲಿಲ್ಲ.

ಶುಕ್ರವಾರ ಅವಳು ಕುರಿಮಾಂಸ ತೆಗೆಯಲೇ ಇಲ್ಲ. ಏಪ್ರನ್ ಒಗೆದು ಹೊರಗೆ ಬಿಸಿಲಿಗೆ ಹಾಕಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿ, ಊಟದ ಮೇಜಿನ ಮೇಲೆ, ನೈಜೆಲ್ ಕೂರುವ ಕುರ್ಚಿಯ ಮುಂದೆ ಎಲೆ ಹಾಕಿ ಬಡಿಸಿದಳು.

"ಕೈ ತೊಳ್ಕೊಳ್ಳಿ ಎಡ್ನಮ್ಮ. ಇದು ನೀವು ಮಾಡಿದ್ದಲ್ಲ, ನಾನು ಮಾಡಿದ್ದು. ಕೂತ್ಕೊಂಡು ಉಣ್ಣಿ. ಮನಸ್ಸು ಬಂದಾಗ ಹೋಗಿ."

ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಅಡುಗೆಮನೆಯ ನಲ್ಲಿಯಲ್ಲಿ ನೀರು ಹರಿದು ನಿಂತಿತು. ಕುರ್ಚಿ ಎಳೆದ ಸದ್ದು. ಸ್ವಲ್ಪ ಹೊತ್ತಿಗೆ, ಖಾರ ನೆತ್ತಿಗೇರಿದಂತೆ ಒಂದು ಕೆಮ್ಮು.

ಅಷ್ಟರಲ್ಲಿ ನೈಜೆಲ್ ಬಂದ. ಬಾಗಿಲು ತಳ್ಳಿ ಒಳಗೆ ಹೋದ. "ಏನಿದು ಮೀನಿನ ವಾಸನೆ? ಸ್ಟ್ಯೂ ಎಲ್ಲಿ?" ಎನ್ನುತ್ತಾ ತನ್ನ ಕುರ್ಚಿಗೆ ಕೈ ಹಾಕಿ ಎಳೆದ. ಕುರ್ಚಿ ಅಲುಗಲಿಲ್ಲ. ಎರಡೂ ಕೈಯಲ್ಲಿ ಎಳೆದ. ಕುರ್ಚಿಯ ದಿಂಬು ನಡುವಿನಲ್ಲಿ ತಗ್ಗಿತ್ತು. ಎಲೆಯ ಅಂಚಿನಲ್ಲಿ ಮೀನಿನ ಮುಳ್ಳುಗಳನ್ನು ಚೊಕ್ಕಟವಾಗಿ ಬೇರೆ ತೆಗೆದಿಡಲಾಗಿತ್ತು.

"ಅಮ್ಮ ಊಟಕ್ಕೆ ಕೂತಿದ್ದಾರೆ ಸರ್," ಎಂದಳು ವಾರಿಜಾ.

ಅವನ ಮುಖ ಬಿಳಿಚಿಕೊಂಡಿತು. ಆದರೂ ಹೇಳಿದ: "ಜನ ಬರುವ ಹೊತ್ತಾಯಿತು. ಅಡುಗೆ ಆಗದಿದ್ದರೆ ನಿನ್ನ ಕೆಲಸ ಖಲಾಸ್."

"ಆಯಿತು ಸರ್."

ವಾರಿಜಾ ಪಕ್ಕದ ಕುರ್ಚಿ ಎಳೆದು ಕೂತಳು. ಈ ಮನೆಯ ಊಟದ ಮೇಜಿಗೆ ಅವಳು ಕೂತದ್ದು ಅದೇ ಮೊದಲು. ಕುರ್ಚಿ ಮೆತ್ತಗಿತ್ತು.

ಹೊರಗೆ ಕಾರುಗಳು ನಿಂತವು, ಕರೆಗಂಟೆ ಸದ್ದು ಮಾಡಿತು. ನೈಜೆಲ್ ಬಾಗಿಲ ಕಡೆ ನೋಡಿದ, ದಿಂಬು ತಗ್ಗಿದ ಆ ಕುರ್ಚಿಯ ಕಡೆ ನೋಡಿದ, ಆಮೇಲೆ ಅಡುಗೆಮನೆಗೆ ನುಗ್ಗಿದ. ಒಂದರ ಹಿಂದೊಂದು ಕಪಾಟು ತೆರೆಯುವ ಸದ್ದು ಕೇಳಿತು.

"ಆಲೂಗಡ್ಡೆ ಎಲ್ಲಿದೆ?" ಎಂದು ಕೂಗಿದ.

ಮೇಜಿಗೆ ಕೂತಿದ್ದ ಇಬ್ಬರೂ ಹೇಳಲಿಲ್ಲ.