ಎಮ್ಮೆ ಹಿಂಡುವ ಹೊತ್ತಿನ ಸಂಪಾದಕೀಯ

ಬೆಳಗಾವಿಯ ಕೋಚಿಂಗ್ ಕ್ಲಾಸಿನಲ್ಲಿ ನಮಗೆ ಹಂಚುತ್ತಿದ್ದ ಝೆರಾಕ್ಸ್ ಹಾಳೆಯ ಮೇಲ್ಭಾಗದಲ್ಲಿ ದಪ್ಪಕ್ಷರದ ಒಂದು ಸಾಲು ಇರುತ್ತಿತ್ತು: ಹಿಂದಿ ಭಾಷಿಕರಿಗಾಗಿ, ಸಂಪಾದಕೀಯಗಳಿಂದ ಆಯ್ದ ಉನ್ನತ ಇಂಗ್ಲಿಷ್ ಪದಗಳು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಹಿಂದಿ ಅರ್ಥ. ಉತ್ತರದ ಯಾವುದೋ ಊರಿನಿಂದ ಫೋನಿಗೆ ಬಂದದ್ದನ್ನು ಸರ್ ಹಾಗೆಯೇ ಪ್ರಿಂಟ್ ತೆಗೆಸುತ್ತಿದ್ದರು. ಕೋಣೆ ತುಂಬ ಕುಳಿತವರು ಕನ್ನಡದವರು, ಮರಾಠಿಯವರು. ಹಿಂದಿಯವಳು ಅಂತ ಇದ್ದದ್ದು ಒಬ್ಬಳೇ, ಲೋಂಡಾ ರೈಲ್ವೆ ಕ್ವಾರ್ಟರ್ಸಿನ ಹುಡುಗಿ. ನಾನು ನಮ್ಮೂರು ಗುಂಜಿಯಲ್ಲಿ ರೈಲು ಹತ್ತುವಷ್ಟರಲ್ಲಿ ಅವಳು ನನಗೂ ಸೇರಿಸಿ ಜಾಗ ಹಿಡಿದಿರುತ್ತಿದ್ದಳು.

ಸರ್ ನಮ್ಮ ಕಡೆಯವರೇ. ಫೋನಿನಲ್ಲಿ ತಾಯಿಯ ಜೊತೆ ಅಚ್ಚ ಬೆಳಗಾವಿ ಕನ್ನಡ ಆಡುವ ಮನುಷ್ಯ, ಸೀಮೆಸುಣ್ಣ ಹಿಡಿದ ಕೂಡಲೇ ಹಿಂದಿಗೆ ಹೊರಳುತ್ತಿದ್ದರು. "ಬ್ಯಾಂಕ್ ಪರೀಕ್ಷಾ ದೇಶಕ್ಕೆಲ್ಲಾ ಒಂದ ಐತಿ. ಮನಿ ಭಾಷಾ ಹೊರಗ ಚಪ್ಪಲಿ ಜೋಡಿ ಬಿಟ್ಟು ಬರ್ರಿ" ಎಂದು ಮೊದಲ ದಿನವೇ ಹೇಳಿದ್ದರು. ಆ ಮಾತನ್ನೂ ಕನ್ನಡದಲ್ಲೇ ಹೇಳಬೇಕಾಯಿತಲ್ಲ ಎಂದು ನನಗೆ ಮೈ ಉರಿದಿತ್ತು.

ತಿಂಗಳ ಕೊನೆಗೆ ಬಾಯಿಪಾಠದ ಪರೀಕ್ಷೆ. ಹಿಂದಿ ಅರ್ಥ ಒಪ್ಪಿಸದವರು ಕೆಳಗಿನ ಅಂತಸ್ತಿನ ಹೊಸಬರ ಬ್ಯಾಚಿಗೆ ಇಳಿಯಬೇಕು, ಅಂದರೆ ಬ್ಯಾಂಕ್ ಪರೀಕ್ಷೆ ಮುಂದಿನ ವರ್ಷಕ್ಕೆ ಹೋಯಿತು. ಬೇರೆಯವರಿಗೆ ಅದು ಬರೀ ಒಂದು ವರ್ಷ. ನನಗೆ ಹಾಗಲ್ಲ. ನಮ್ಮದು ಎಮ್ಮೆ ಸಾಕಿದ ಮನೆ. ನಾನು ಬೆಳಗಿನ ರೈಲು ಹಿಡಿಯಲೆಂದು ನನ್ನ ಪಾಲಿನ ಎಮ್ಮೆಗಳನ್ನೂ ವೈನಿಯೇ, ಅಂದರೆ ಅಣ್ಣನ ಹೆಂಡತಿ, ಹಿಂಡುತ್ತಿದ್ದಳು. ಅವಳ ಕಂಕುಳಲ್ಲಿ ಸಣ್ಣ ಕೂಸು ಬೇರೆ.

"ಈ ವರ್ಷದ ಪರೀಕ್ಷಾ ಮುಗಿಯೂಮಟ ಹಿಂಡ್ತೀನಿ. ಮುಂದಿನ ವರ್ಷ ಅಂತ ಬಂದ್ರ ನನ್ನ ಕೈಲೆ ಆಗೂದಿಲ್ಲ ನೋಡ" ಎಂದಿದ್ದಳು.

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕ್ಲಾಸಿನಲ್ಲಿ ಒಂದು ಅಂತಸ್ತು ಇಳಿದರೆ ನಾನು ನೇರ ಕೊಟ್ಟಿಗೆಗೇ ಬಂದು ನಿಲ್ಲುತ್ತಿದ್ದೆ.

ಸಂಜೆ ಅವಳು ಹಿಂಡುವಾಗ ಪಕ್ಕದ ಕಲ್ಲಿನ ಮೇಲೆ ಕುಳಿತು ನಾನು ಸಂಪಾದಕೀಯ ಓದುತ್ತಿದ್ದೆ. ಹಿಂದಿ ಅರ್ಥ ಹೇಳಿದರೆ ವೈನಿ ತಲೆ ಎತ್ತುತ್ತಿರಲಿಲ್ಲ. ಕನ್ನಡದಲ್ಲಿ ಹೇಳಿದರೆ ಒಂದೇ ಪ್ರಶ್ನೆ: "ಯಾರಂಗ?" ಆ ಪದದಂಥ ಮನುಷ್ಯನನ್ನೋ ದನವನ್ನೋ ತೋರಿಸುವವರೆಗೆ ಬಿಡುತ್ತಿರಲಿಲ್ಲ. 'ರಿಲಕ್ಟಂಟ್' ಪದ ರೈಲು ಹಳಿ ದಾಟಲು ಒಲ್ಲದ ನಮ್ಮ ಕರಿ ಎಮ್ಮೆಗೆ ಹೋಯಿತು. 'ಪ್ರೊಕ್ರಾಸ್ಟಿನೇಟ್' ಪದವನ್ನು ಮನೆ ಸೋರತೊಡಗಿದ ಮೇಲೆ ಹಂಚು ನೆನಪಾಗುವ ತನ್ನ ಗಂಡನಿಗೆ ಅವಳೇ ಕೊಟ್ಟಳು. 'ಅಪೀಸ್' ಅಂದರೆ ಸಿಟ್ಟಾದ ಸೋದರತ್ತೆಗೆ ಅಪ್ಪ ಎಲ್ಲರಿಗಿಂತ ಮೊದಲು ಹೋಳಿಗೆ ಬಡಿಸುವುದು. ಹೀಗೆ ಇಂಗ್ಲಿಷಿನ ಅರ್ಧ ನಿಘಂಟು ಗುಂಜಿಯಲ್ಲಿ ಓಡಾಡತೊಡಗಿತು. ಬೀದಿಯಲ್ಲಿ ಯಾರಾದರೂ ಎದುರಾದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಒಮ್ಮೆ ಕೇಳಿದ ಪದ ಮಾತ್ರ ಮರೆಯುತ್ತಿರಲಿಲ್ಲ.

ಬಾಯಿಪಾಠದ ದಿನ ಲೋಂಡಾದ ಗೆಳತಿಯ ಸರದಿ ಮೊದಲು ಬಂತು. ಹಿಂದಿ ಅರ್ಥ ಸರಾಗವಾಗಿ ಒಪ್ಪಿಸಿದಳು. ಆದರೆ ಪದ ಬಳಸಿ ಒಂದು ವಾಕ್ಯ ಮಾಡು ಎಂದಾಗ ಬಾಯಿ ಕಟ್ಟಿತು. ಆ ಹಾಳೆಯ ಹಿಂದಿ ಅವಳ ಮನೆಯಲ್ಲಿ ಯಾರೂ ಆಡದ ಹಿಂದಿ. ಆದರೂ ಅವಳು ಪಾಸು. ನಂತರ ಸರ್ ನನ್ನತ್ತ ತಿರುಗಿ 'ಟೇಸಿಟ್' ಎಂದರು.

ಹಿಂದಿ ನೆನಪಿಗೆ ಬರಲಿಲ್ಲ. ಬರಬೇಕೆಂದು ನಾನು ಒದ್ದಾಡಲೂ ಇಲ್ಲ. ಎದ್ದು ನಿಂತು ಕನ್ನಡದಲ್ಲೇ ಹೇಳಿದೆ: "ನಮ್ಮ ವೈನಿ ದಿನಾ ಕೂಸಿಗೆ ಅಂತ ಹಾಲಿನ ಕೆನಿ ತಗದ ಇಡ್ತಾಳ್ರಿ. ನಮ್ಮವ್ವಗ ಗೊತ್ತೈತಿ. ಆ ಹೊತ್ತಿಗೆ ಬೇಕಂತ ಹಿತ್ತಲಕ ಹೋಗ್ತಾಳ. ಇಬ್ಬರೂ ಒಂದ ಮಾತ ಆಡಿಲ್ಲ. ಆ ಒಪ್ಪಂದ ಟೇಸಿಟ್ ರಿ."

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. "ಹಿಂದಿ ಒಳಗ ಹೇಳ್ರಿ. ಇಲ್ಲಂದ್ರ ಕೆಳಗ ನಡೀರಿ."

"ಬ್ಯಾಂಕಿನವರು ಹಿಂದಿ ಅರ್ಥ ಕೇಳಂಗಿಲ್ಲರಿ ಸರ್, ಇಂಗ್ಲಿಷ್ ಕೇಳ್ತಾರ. ಇವತ್ತಿನ ಪೇಪರ್ ಕೊಡ್ರಿ. ಸಂಪಾದಕೀಯ ಓದಿ, ಅದರಾಗ ಏನೈತಿ ಅಂತ ಇಲ್ಲೇ ಇಂಗ್ಲಿಷಿನ್ಯಾಗ ಬರೀತೀನಿ. ಬರಲಿಲ್ಲಂದ್ರ ನಾನ ಚೀಲಾ ತಗೊಂಡು ಇಳೀತೀನಿ."

ಅಂಜಿಕೆಗಿಂತ ಸಿಟ್ಟು ದೊಡ್ಡದಿತ್ತು. ಚಪ್ಪಲಿ ಜೊತೆ ಬಿಟ್ಟು ಬರಲು ನನ್ನ ಭಾಷೆ ಯಾರ ಕಾಲ ಕೆಳಗಿನದೂ ಅಲ್ಲ.

ಸರ್ ಪೇಪರನ್ನು ನನ್ನ ಬೆಂಚಿಗೆ ಎಸೆದರು. ಅಂದಿನ ಸಂಪಾದಕೀಯ ನಗರಗಳ ಕುಡಿಯುವ ನೀರಿನ ಬಗ್ಗೆ. ಬರೆದವನು ಮೇಲೆ ಬಹಳ ಮರ್ಯಾದಸ್ಥ, ಒಳಗೆ ಕೆಂಡ. ಅವನು ಯಾರ ಮೇಲೆ ಹರಿಹಾಯುತ್ತಿದ್ದಾನೆ, ಯಾಕೆ ನೇರವಾಗಿ ಹೇಳುತ್ತಿಲ್ಲ ಎಂದು ಒಂದು ಪುಟ ಬರೆದು ಕೊಟ್ಟೆ. ಸರ್ ಓದಿದರು. ಎರಡು ಕಡೆ ತಿದ್ದಿದರು. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಮುಂದಿನವನಿಗೆ ಮುಂದಿನ ಪದ ಕೇಳಿದರು. ಶಹಬ್ಬಾಸ್ ಅನ್ನಲಿಲ್ಲ, ಕೆಳಗೆ ಹೋಗು ಅಂತಲೂ ಅನ್ನಲಿಲ್ಲ. ಮರುದಿನ ನಾನು ಅದೇ ಬೆಂಚಿನಲ್ಲಿ ಕುಳಿತೆ, ಅವರು ನೋಡಿಯೂ ನೋಡದಂತೆ ಬೋರ್ಡಿನ ಕಡೆ ತಿರುಗಿದರು. ನಮ್ಮಿಬ್ಬರದೂ ಟೇಸಿಟ್ ಒಪ್ಪಂದವೇ ಆಯಿತು. ವಾಪಸು ಬರುವಾಗ ಗೆಳತಿ ರೈಲಿನಲ್ಲಿ ಹಾಳೆ ಮಡಚಿಟ್ಟು, ತನ್ನ ಮನೆಯ ಹಿಂದಿಯಲ್ಲಿ, ಇದು ನಮ್ಮಜ್ಜಿಯ ಹಾಗೆ, ಇದೂ ನಮ್ಮಜ್ಜಿಯ ಹಾಗೆ ಎಂದು ಒಂದೊಂದೇ ಪದ ಹಂಚತೊಡಗಿದಳು.

ಆ ವರ್ಷವೇ ಪಾಸಾದೆ. ಈಗ ಖಾನಾಪುರದಲ್ಲಿ ಬ್ಯಾಂಕಿನ ಕೆಲಸ. ನೇಮಕದ ಸುದ್ದಿ ಹೇಳಿದಾಗ ವೈನಿ ಕೈ ತೊಳೆದು ಬಂದು ಕೇಳಿದ್ದು ಸೀರೆಯಲ್ಲ. "ನನಗೂ ಇಂಗ್ಲಿಷ್ ಓದಾಕ ಕಲಸ" ಎಂದಳು. ಹತ್ತನೆಯವರೆಗೆ ಮರಾಠಿ ಶಾಲೆಯಲ್ಲಿ ಓದಿದವಳು.

ಅವ್ವನಿಗೆ ಇದು ಸರಿಬರಲಿಲ್ಲ. "ಇಂಗ್ಲಿಷ್ ಕಲ್ತು ಎಮ್ಮಿಗೆ ಓದಿ ಹೇಳ್ತಾಳೇನು?"

"ಇಷ್ಟ ದಿನಾ ನಾನೇನ್ ಮಾಡೀನಬೇ?" ಎಂದೆ.

ಈಗ ಭಾನುವಾರದ ಬೆಳಗಿನ ಎಮ್ಮೆಗಳೆಲ್ಲ ನನ್ನವು. ಕಲ್ಲಿನ ಮೇಲೆ ಪೇಪರ್ ಹರಡಿ ವೈನಿ ಕೂರುತ್ತಾಳೆ. ಮೊನ್ನೆ ಭಾನುವಾರ ಅಕ್ಷರ ಕೂಡಿಸಿ ಕೂಡಿಸಿ 'ರಿಲೆಂಟ್' ಎಂದು ಓದಿದಳು. ಹಿಡಿದ ಪಟ್ಟು ಸಡಿಲ ಬಿಡುವುದು ಎಂದು ಹೇಳಿದೆ. ಅಷ್ಟರಲ್ಲಿ ಒಳಗಿನಿಂದ ಅವ್ವ, ರೊಟ್ಟಿ ಯಾರು ಮಾಡುತ್ತಾರೆ ಎಂದು ಕೂಗಿದಳು. ವೈನಿ ಏಳಲಿಲ್ಲ. ಅವ್ವ ಮತ್ತೆ ಕೂಗಿದಳು. ನಾನು ಹಾಲಿನ ಚರಿಗೆಯಿಂದ ತಲೆ ಎತ್ತದೆ ಕೇಳಿದೆ: "ಯಾರಂಗ?"

ವೈನಿ ತುಟಿಗೆ ಬೆರಳಿಟ್ಟು ಕಾದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬಂತು.

"ನಮ್ಮತ್ತಿಯಂಗ" ಎಂದು ಅವಳು ಮುಂದಿನ ಸಾಲಿಗೆ ಬೆರಳು ಸರಿಸಿದಳು.