ಸೋಪಿನಕ್ಕ ಕುಡಿಸಿದ ಟೀ

ಜಾಹೀರಾತು ಕಂಪನಿಗೆ ಚಿತ್ರ ಬರೆಯಲು ಸೇರಿ ಮೂರು ತಿಂಗಳೂ ಆಗದ ಒಬ್ಬ ಮಹಾಶಯ ತನ್ನ ಹಿರಿಯ ಸಹೋದ್ಯೋಗಿಯನ್ನು ಶತ್ರುವಿನ ಗೂಢಚಾರಿಣಿ ಎಂದುಕೊಂಡಿದ್ದ. ಮಹಾಶಯ ಯಾರೆಂದು ಕೇಳಬೇಡಿ, ಇದನ್ನು ಬರೆಯುವವನಿಗೆ ತೀರಾ ಬೇಕಾದವನು.

ಯುದ್ಧ ಶುರುವಾಗಿ ಎರಡನೇ ವಾರ. ಶತ್ರು ವಿಮಾನಗಳು ಉದುರಿಸಿದ ಕರಪತ್ರಗಳನ್ನು ಆಕೆ ತಮ್ಮ ಮೇಜಿನ ಹಿಂದಿನ ಗೋಡೆಗೆ ಒಪ್ಪವಾಗಿ ಅಂಟಿಸಿ, ಕೆಲವಕ್ಕೆ ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬೇರೆ ಬರೆದಿದ್ದರು. ಅವನು ಓಡಿಹೋಗಿ ಮ್ಯಾನೇಜರಿಗೆ ಚಾಡಿ ಹೇಳಿದ. ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ಪುಣ್ಯಾತ್ಮ, ಇಪ್ಪತ್ತು ವರ್ಷದಿಂದ ಎದುರಾಳಿ ಕಂಪನಿ ಜಾಹೀರಾತನ್ನೂ ಆಯಮ್ಮ ಹಾಗೇ ಗೋಡೆಗೆ ಅಂಟಿಸೋದು. ಹೋಗು, ಅವರ ಕೈಕೆಳಗೇ ಕೆಲಸ ಕಲಿ.”

ನಗರದ ಅರ್ಧ ಬಚ್ಚಲುಗಳಿಗೆ ಒಂದೇ ಸೋಪು ತಲುಪಿಸಿದ್ದು ಆಕೆಯ ಬರಹ. ಹಾಗಾಗಿ ಎಲ್ಲರಿಗೂ ಸೋಪಿನಕ್ಕ.

ಆ ವಾರದ ಕರಪತ್ರ ಹೀಗಿತ್ತು: ‘ನಿಮ್ಮ ನಲ್ಲಿಗಳಲ್ಲಿ ವಿಷ ಬರುತ್ತಿದೆ. ಊರು ಬಿಡಿ.’ ಹೆದ್ದಾರಿಯ ಮೇಲೆ ಬಾಂಬು ಬೀಳುತ್ತಿದ್ದರೂ ಜನ ಹೊರಟರು. ಅವನ ಅಮ್ಮನೂ ಚೀಲಕ್ಕೆ ಬಟ್ಟೆ ತುರುಕತೊಡಗಿದಳು. ಅವನು ಆವೇಶದಿಂದ ‘ನೀರಿನಲ್ಲಿ ವಿಷವಿಲ್ಲ’ ಎಂದು ಆಳೆತ್ತರದ ಭಿತ್ತಿಪತ್ರ ಬರೆದು, ಅದರಲ್ಲೊಂದು ವಿಷದ ಸೀಸೆಯನ್ನೂ ಸೀಸೆಯ ಮೇಲೊಂದು ತಲೆಬುರುಡೆಯನ್ನೂ ಬಿಡಿಸಿ, ಸೋಪಿನಕ್ಕನಿಗೆ ತೋರಿಸದೆ ತನ್ನ ಬೀದಿಯ ಗೋಡೆಗೇ ಅಂಟಿಸಿದ. ಮಧ್ಯಾಹ್ನ ಅಮ್ಮನ ಫೋನು: “ನಮ್ಮ ಬೀದೀಲೂ ಬುರುಡೆ ಹಾಕಿದಾರೆ ಕಣೋ! ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಟೆ.”

ಅವನ ಬಾಯಿಂದ ಎಲ್ಲ ಕೇಳಿ ಸೋಪಿನಕ್ಕ ಹಣೆ ಚಚ್ಚಿಕೊಂಡರು. “ನಮ್ಮ ಜಾಹೀರಾತಲ್ಲಿ ಎದುರಾಳಿ ಸೋಪಿನ ಚಿತ್ರ ಯಾವತ್ತಾದ್ರೂ ಹಾಕಿದೀವೇನೋ, ದಡ್ಡ ಶಿಖಾಮಣಿ?”

ಅವನನ್ನು ನೀರು ಶುದ್ಧ ಮಾಡುವ ಘಟಕಕ್ಕೆ ಎಳೆದೊಯ್ದು, ಪರೀಕ್ಷೆಯನ್ನು ಕಣ್ಣಾರೆ ಕಂಡು, ತಾವೇ ಎರಡು ಲೋಟ ಕುಡಿದರು. ಸಂಜೆಗೆ ಬೀದಿಬೀದಿಯಲ್ಲೂ ಹೊಸ ಭಿತ್ತಿಪತ್ರ. ಘಟಕದ ಮುದಿ ಮೇಸ್ತ್ರಿ ಮೊಮ್ಮಗಳ ಜೊತೆ ಟೀ ಹೀರುತ್ತಿರುವ ಫೋಟೊ, ಕೆಳಗೆ ‘ಮೂವತ್ತು ವರ್ಷದಿಂದ ಇದೇ ನೀರು, ಇದೇ ಟೀ. ಬೆಳಿಗ್ಗೆ ಆರಕ್ಕೆ ಬನ್ನಿ, ನಿಮಗೂ ಒಂದು ಕಪ್ಪಿದೆ.’ ವಿಷದ ಸೊಲ್ಲೇ ಇಲ್ಲ.

ಬೆಳಿಗ್ಗೆ ಘಟಕದ ಗೇಟಿನಲ್ಲಿ ಉದ್ದದ ಸಾಲು. ಚೀಲದ ಸಮೇತ ಬಂದ ಅಮ್ಮ, ಮೇಸ್ತ್ರಿ ಕುಡಿಯುವುದನ್ನು ರೆಪ್ಪೆ ಮಿಟುಕಿಸದೆ ನೋಡಿ, ತಾನೂ ಒಂದು ಗುಟುಕು ಕುಡಿದು, “ಸಕ್ಕರೆ ಕಮ್ಮಿ” ಎಂದಳು. ಇನ್ನೊಂದು ಕಪ್ಪು ಕೇಳಿದಳು. ಆಮೇಲೆ ಚೀಲವನ್ನು ಅವನ ಕೈಗೆ ತುರುಕಿ, “ಮನೇಲಿ ಇಟ್ಟು ಆಫೀಸಿಗೆ ಹೋಗು” ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಕುಕ್ಕರ್ ಇದ್ದರೂ ಚೀಲ ಹೂವಿನಷ್ಟು ಹಗುರ.

ಅಮ್ಮ ಸೋಪಿನಕ್ಕನತ್ತ ತಿರುಗಿದಳು. “ಏಳೇ ದಿನದಲ್ಲಿ ಸುಕ್ಕು ಮಾಯ ಅಂತ ಆ ಸೋಪಿಗೆ ಬರೆದೋರು ನೀವೇ ಅಲ್ವಾ? ಆರು ತಿಂಗಳು ಹಚ್ಚಿದೀನಿ. ಅದು ನಿಜಾನಾ?”

ಸೋಪಿನಕ್ಕ ಕಪ್ಪಿನ ತಳದ ಟೀಯನ್ನೂ ಹೀರಿ ಮುಗಿಸಿದರು.

“ಶುದ್ಧ ಸುಳ್ಳು ಕಣ್ರೀ. ನಾನೇ ಹಚ್ಚಲ್ಲ.”